ಕೊಟ್ಟಿಗೆಯಲ್ಲಿ ಉಂಡ ಮುದ್ದೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಹೆತ್ತ ಅಪ್ಪ ಅವರದೇ ಮನೆಯಲ್ಲಿ, ದನದ ಕೊಟ್ಟಿಗೆಯೊಳಗೆ ಕೂತು ಕದ್ದು ಉಣ್ಣುವ ಹಾಗೆ ಮಾಡಿದವಳು ನಾನು. ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಆದರೆ ಆ ನಾಲ್ಕು ದಿನದಲ್ಲಿ ನಮ್ಮ ಅಜ್ಜಿ ಮಾಡಿದ್ದನ್ನು ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ. ಅದನ್ನು ಹೇಳಬೇಕೆಂದರೆ ನನ್ನ ದಡ್ಡತನವನ್ನೂ ಹೇಳಲೇಬೇಕು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತೊಂದು ವರ್ಷ. ತೆರಕಣಾಂಬಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿ ಬರುತ್ತಿದ್ದೆ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯ ಒಲೆ, ಬೀಗದ ಕೈ, ಮಾತು ಮೂರೂ ಅಪ್ಪನ ತಾಯಿಯ ವಶದಲ್ಲಿದ್ದವು. ಅಪ್ಪ ಬೇಸಾಯದವರು, ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಎತ್ತುಗಳ ಜೊತೆ. ಅಣ್ಣ ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದ.

ಆ ವರ್ಷ ಜನವರಿಯಲ್ಲಿ ಅಣ್ಣನ ಕಾಗದ ಬಂತು. ತನ್ನ ಜೊತೆ ಓದುವ ವಿದೇಶದ ಸ್ನೇಹಿತನನ್ನು ನಾಲ್ಕು ದಿನದ ಮಟ್ಟಿಗೆ ಕರೆದುಕೊಂಡು ಬರುತ್ತಿದ್ದೇನೆ, ಅವನಿಗೆ ಹಳ್ಳಿ ನೋಡಬೇಕಂತೆ, ಕನ್ನಡ ಬರುವುದಿಲ್ಲ, ಇಂಗ್ಲಿಷಿಗೆ ನೀನಿದ್ದೀಯಲ್ಲ ಎಂದು ಬರೆದಿದ್ದ. "ನೀನಿದ್ದೀಯಲ್ಲ" ಎಂಬ ಒಂದು ಮಾತಿಗೆ ನನಗೆ ಕೋಡು ಮೂಡಿತು. ಊರಿನಲ್ಲಿ ಇಂಗ್ಲಿಷ್ ಆಡಬಲ್ಲ ಹೆಣ್ಣು ನಾನೊಬ್ಬಳೇ ಎಂಬುದು ನನಗೆ ಬಹಳ ಚೆನ್ನಾಗಿ ಗೊತ್ತಿತ್ತು, ಊರಿಗೂ ಗೊತ್ತಿರುವಂತೆ ನೋಡಿಕೊಂಡಿದ್ದೆ. ವಿದೇಶ ಎಂದ ಮೇಲೆ ಬಿಳಿಯನೇ ಎಂದು ನಾವೆಲ್ಲ ತೀರ್ಮಾನಿಸಿದೆವು. ತೆರಕಣಾಂಬಿಗೆ ದೊರೆ ಬರುತ್ತಾನೆ ಎಂದು ಸಂಜೆಯೊಳಗೆ ಸುದ್ದಿಯಾಯಿತು.

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಸ್ಕೂಲಿನಿಂದ ಮೇಜು, ಎರಡು ಕುರ್ಚಿ ಬಂದವು. ಗುಂಡ್ಲುಪೇಟೆಯ ಪ್ರವಾಸಿ ಬಂಗಲೆಯಲ್ಲಿ ಊಟ ಬಡಿಸುವ ಮೇಟಿಯನ್ನು ಕಾಡಿ ಬೇಡಿ ಎರಡು ಫೋರ್ಕು, ಎರಡು ಚಮಚ, ಒಂದು ಮೊಂಡು ಚಾಕು ತಂದೆ. ಮೈಸೂರಿನ ಬೇಕರಿಯಿಂದ ಆರು ಬ್ರೆಡ್ಡು, ಒಂದು ಶೀಶೆ ಜಾಮು ತರಬೇಕೆಂದು ಅಣ್ಣನಿಗೆ ಬರೆದೆ. ಇಷ್ಟಾದರೂ ಒಂದು ತೊಂದರೆ ಉಳಿಯಿತು. ಒಕ್ಕಣೆ ಆಗ ತಾನೇ ಮುಗಿದಿತ್ತು. ಮನೆಯಲ್ಲಿ ಎಲ್ಲಿ ಕಾಲಿಟ್ಟರೂ ರಾಗಿ. ನಡುಮನೆಯ ತೊಟ್ಟಿಯ ಮೂಲೆಯಲ್ಲಿ ಎದೆಮಟ್ಟ ರಾಶಿ, ಗೋಡೆಗೊರಗಿದ ಚೀಲ, ಬೀಸುವ ಕಲ್ಲು, ಮೊರ. ನಾನು ಜಮಖಾನೆ ತಂದು ರಾಶಿಯ ಮೇಲೆ ಹೊದಿಸಿದೆ.

"ಅದ್ಯಾಕಮ್ಮಿ ರಾಗಿಗೆ ದುಪ್ಪಟಿ ಒದಿಸ್ತಾ ಇದೀಯೆ? ಅದ್ಕೇನ್ ಚಳಿ ಆಯ್ತದಾ?" ಎಂದಳು ಅಜ್ಜಿ.

"ಬಂದವರು ಏನಂದುಕೊಳ್ಳುತ್ತಾರೆ" ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವರು ಇರುವ ನಾಲ್ಕು ದಿನ ಮನೆಯಲ್ಲಿ ಯಾರೂ ಹಿಟ್ಟು ಉಣ್ಣಬಾರದು ಎಂದು ಅಪ್ಪಣೆ ಕೊಟ್ಟೆ. ನಮ್ಮ ಕಡೆ ರಾಗಿ ಮುದ್ದೆಗೆ ಹಿಟ್ಟು ಎಂದೇ ಹೆಸರು. ಹಿಟ್ಟು ಉಣ್ಣಲಿಲ್ಲ ಎಂದರೆ ಊಟವನ್ನೇ ಮಾಡಲಿಲ್ಲ ಎಂದರ್ಥ. ಅಜ್ಜಿ ನನ್ನ ಮುಖವನ್ನೇ ನೋಡಿದಳು. ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು.

ಈ ನಾಚಿಕೆ ನನ್ನೊಳಗೆ ಹೊಕ್ಕದ್ದು ಚಾಮರಾಜನಗರದಲ್ಲಿ. ಸೋದರತ್ತೆಯ ಮನೆಯಲ್ಲಿದ್ದು ಅಲ್ಲಿ ಹೈಸ್ಕೂಲು ಓದಿದೆ. ಮಧ್ಯಾಹ್ನಕ್ಕೆ ಬಟ್ಟೆಯಲ್ಲಿ ಸುತ್ತಿದ ರಾಗಿ ರೊಟ್ಟಿ. ಜೊತೆಯ ಹುಡುಗಿಯರಲ್ಲಿ ಇಬ್ಬರು ಅಧಿಕಾರಿಗಳ ಮಕ್ಕಳು, ಅವರ ಡಬ್ಬಿಯಲ್ಲಿ ಬೆಣ್ಣೆ ಸವರಿದ ಬ್ರೆಡ್ಡು. ಒಂದು ದಿನ ಅವರಲ್ಲೊಬ್ಬಳು ನನ್ನ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ಇದನ್ನು ಒಲೆಗೆ ಹಾಕುತ್ತೀರೋ ಬಾಯಿಗೋ ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಎರಡು ವರ್ಷ ಮಧ್ಯಾಹ್ನದ ಊಟವನ್ನು ಸ್ಕೂಲಿನ ಹಿಂದಿನ ಹುಣಸೆ ಮರದ ಮರೆಯಲ್ಲಿ ಒಬ್ಬಳೇ ಮಾಡಿದೆ. ಇಂಗ್ಲಿಷನ್ನು ಹಟ ಹಿಡಿದು ಕಲಿತದ್ದೂ ಅದೇ ಮರದ ಕೆಳಗೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೆಸರು. ಆ ಹುಡುಗಿಯ ಮೇಲೆ ಮಾತ್ರ ಅವತ್ತು ಯಾಕೆ ಬರಲಿಲ್ಲವೋ ಕಾಣೆ.

ಅಣ್ಣ ಮತ್ತು ಅತಿಥಿ ಚಾಮರಾಜನಗರದವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹತ್ತಿದರು. ಬಸ್ಸು ನಿಲ್ಲುವ ಕಡೆ ಅರ್ಧ ಊರು ನೆರೆದಿತ್ತು. ಅಣ್ಣ ಇಳಿದ. ಅವನ ಹಿಂದೆ ಎತ್ತರದ, ಕಡುಕಪ್ಪು ಬಣ್ಣದ ಯುವಕನೊಬ್ಬ ಇಳಿದ. ಬೂದು ಬಣ್ಣದ ಸೂಟು, ಟೈ, ಧೂಳು ಹಿಡಿದಿದ್ದರೂ ಮಿರುಗುವ ಬೂಟು. ಬಸ್ಸು ಹೊರಟುಹೋಯಿತು. ಜನ ಇನ್ನೂ ಕಾಯುತ್ತಲೇ ಇದ್ದರು.

"ದೊರೆ ಎಲ್ಲಿ ಕಣ್ಲಾ? ಬಸ್ಸಲ್ಲೇ ಉಳ್ಕಬುಟ್ನಾ?" ಎಂದು ಪಕ್ಕದ ಮನೆಯ ಮುದುಕ ಅಣ್ಣನನ್ನು ಕೇಳಿದ.

ಅಣ್ಣ ಪೆಚ್ಚಾದ. ಅತಿಥಿ ಎಲ್ಲರಿಗೂ ಕೈ ಮುಗಿದ. ಯಾರೋ ಒಬ್ಬರು ಬಣ್ಣದ ಮಾತೆತ್ತಿ ಕಿಸಕ್ಕೆಂದದ್ದು ನನಗೆ ಕೇಳಿಸಿತು. ಅಜ್ಜಿಗೂ ಕೇಳಿಸಿತು. "ನೀನೇನ್ ಆಲಲ್ಲಿ ಮಿಂದ್ಕ ಬಂದಿದಿಯೇನ್ಲಾ? ಓಗಿ ಕನ್ನಡಿ ನೋಡ್ಕ" ಎಂದು ಅಲ್ಲೇ ಬೆವರಿಳಿಸಿದಳು. ಆಮೇಲೆ ಅತಿಥಿಯ ತಲೆ ಸವರಲು ಕೈ ಎತ್ತಿದಳು, ಎತ್ತರ ಸಾಲದೆ ತೋಳು ಸವರಿದಳು. "ದೂರದಿಂದ ಬಂದಿದಿಯೆ, ಬಾ ಮಗ" ಎಂದಳು. ಅಂದಿನಿಂದ ಆತ ಅಜ್ಜಿಗೆ ಮಗನೇ. ಆತ ಆಫ್ರಿಕದ ಉಗಾಂಡದವನು, ಅಲ್ಲಿ ಇನ್ನೂ ಬ್ರಿಟಿಷರ ಆಳ್ವಿಕೆ ಇದೆ, ನಮ್ಮ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಓದಲು ಬಂದಿದ್ದಾನೆ ಎಂದು ಅಣ್ಣ ದಾರಿಯಲ್ಲಿ ಹೇಳಿದ. ಆಗಲಾದರೂ ನಾನು ಆ ಜಮಖಾನೆ ತೆಗೆದುಬಿಡಬಹುದಿತ್ತು. ಸೂಟು ನೋಡಿದೆ, ಇಂಗ್ಲಿಷ್ ಕೇಳಿದೆ. ನನ್ನದಕ್ಕಿಂತ ಹತ್ತು ಪಾಲು ಚೆನ್ನಾದ ಇಂಗ್ಲಿಷ್. ಬ್ರೆಡ್ಡೇ ಸರಿ ಎಂದುಕೊಂಡೆ.

ಎರಡು ದಿನ ಜಗಲಿಯ ಮೇಲೆ ಮೇಜು ಹಾಕಿ ಬ್ರೆಡ್ಡು, ಜಾಮು, ಅನ್ನ, ತಿಳಿಸಾರು ಬಡಿಸಿದೆ. ಆತ ಚಾಕು ಫೋರ್ಕು ಹಿಡಿದು ಸದ್ದಿಲ್ಲದೆ ತಿನ್ನುತ್ತಿದ್ದ. ಪ್ರತಿ ಸಲವೂ ಬಹಳ ಚೆನ್ನಾಗಿದೆ ಎನ್ನುತ್ತಿದ್ದ. ಎರಡನೆಯ ದಿನಕ್ಕೆ ಬ್ರೆಡ್ಡು ಒಣಗಿ ಹಲಗೆಯಾಗಿತ್ತು. ಅದನ್ನೂ ಚೆನ್ನಾಗಿದೆ ಎಂದ. ಅಣ್ಣ ಅನ್ನ ಕಲಸಿಕೊಂಡು ಚಮಚದಲ್ಲಿ ಎತ್ತಲು ಹೋಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ.

"ಈ ಮಗ ಒಟ್ಟೆಗೆ ತಿಂತಿಲ್ಲ ಕಣಮ್ಮಿ, ನಿನ್ ಮರ್ಯಾದಿಗೆ ತಿಂತಾವ್ನೆ" ಎಂದಳು ಅಜ್ಜಿ, ಕಂಬದ ಮರೆಯಲ್ಲಿ ನಿಂತು.

"ನಿನಗೆ ಗೊತ್ತಾಗೋದಿಲ್ಲ, ಸುಮ್ಮನಿರು" ಎಂದು ಗದರಿದೆ. ಇಪ್ಪತ್ತೊಂದರ ಮೇಷ್ಟ್ರಮ್ಮನಿಗೆ ಗೊತ್ತಿಲ್ಲದ್ದು ಯಾವುದಿತ್ತು?

ಮೂರನೆಯ ಬೆಳಿಗ್ಗೆ ಹೊಲದಿಂದ ಬಂದ ಅಪ್ಪ ಒಳಗೆ ಕಾಣಲಿಲ್ಲ. ಅತಿಥಿಯೂ ಜಗಲಿಯಲ್ಲಿರಲಿಲ್ಲ. ಆತ ದನ ನೋಡಲು ಹಿತ್ತಿಲಿಗೆ ಹೋದ ಎಂದು ಅಣ್ಣ ಹೇಳಿದ. ನಾನು ಓಡಿಹೋಗಿ ನೋಡಿದರೆ ಆತ ಕೊಟ್ಟಿಗೆಯ ಬಾಗಿಲಲ್ಲಿ ಕಲ್ಲಿನ ಹಾಗೆ ನಿಂತಿದ್ದ. ಒಳಗೆ ಎತ್ತುಗಳ ಗೋದಲಿಯ ಪಕ್ಕ, ಹುಲ್ಲಿನ ಮೇಲೆ, ಅಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುಂದೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಹಬೆಯಾಡುವ ಮುದ್ದೆ, ಪಕ್ಕದಲ್ಲಿ ಅವರೆಕಾಳು ಸಾರಿನ ಬಟ್ಟಲು. ಎರಡು ದಿನದಿಂದ ಅಜ್ಜಿ ಅಪ್ಪನಿಗೆ ಇಲ್ಲಿ ಗುಟ್ಟಾಗಿ ಬಡಿಸುತ್ತಿದ್ದಳು. ನಮ್ಮನ್ನು ಕಂಡು ಅಪ್ಪ ಗಡಿಬಿಡಿಯಿಂದ ಟವೆಲ್ಲನ್ನು ತಟ್ಟೆಯ ಮೇಲೆಳೆದರು. ಅವರ ಕೈಯಲ್ಲಿ ಅರ್ಧ ತುತ್ತು ಹಾಗೇ ಉಳಿಯಿತು.

"ಅದೇನು?" ಎಂದು ಆತ ಇಂಗ್ಲಿಷಿನಲ್ಲಿ ಕೇಳಿದ.

"ಅದು ದನಕ್ಕೆ" ಎಂದೆ, ನಾನೂ ಇಂಗ್ಲಿಷಿನಲ್ಲೇ.

ಯಾವ ದನ ಸಾರಿನಲ್ಲಿ ಅದ್ದಿಕೊಂಡು ತಿನ್ನುತ್ತದೆ? ಅಪ್ಪನಿಗೆ ಅರ್ಥವಾಗಿರಲಿಲ್ಲ. ಸಿಕ್ಕಿಬಿದ್ದ ಮಗುವಿನ ಹಾಗೆ ನನ್ನನ್ನೇ ನೋಡುತ್ತಿದ್ದರು. ಆ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಆತ ಬಾಗಿ ಒಳಗೆ ಹೋದ. ಸೂಟಿನ ಪ್ಯಾಂಟಿನಲ್ಲೇ ಸಗಣಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಅಪ್ಪನ ಮುಖ ನೋಡಿ ಅನುಮತಿ ಕೇಳುವಂತೆ ತಲೆಯಾಡಿಸಿ, ಟವೆಲ್ಲು ಸರಿಸಿದ. ಮುದ್ದೆಯನ್ನು ಬೆರಳಿಂದ ಒತ್ತಿದ. ಬೆರಳನ್ನು ಮೂಗಿಗೆ ಹಿಡಿದ.

"ಇದು ನಮ್ಮ ಮನೆಯದು" ಎಂದ.

ನನ್ನ ಮೇಷ್ಟ್ರಮ್ಮನ ಬುದ್ಧಿ ಆಗಲೂ ಸುಮ್ಮನಿರಲಿಲ್ಲ. ಇಲ್ಲ, ಇದು ರಾಗಿ, ನಮ್ಮ ಮೈಸೂರು ಸೀಮೆಯ ಬೆಳೆ, ನಿಮ್ಮಲ್ಲಿ ಇರಲಾರದು ಎಂದು ವಾದಿಸಿದೆ. ರಾಗಿ ಆ ಕಡೆಯಿಂದಲೇ ನಮ್ಮ ಕಡೆಗೆ ಬಂದದ್ದು ಎಂದು ಓದಿದವರು ಈಗ ಹೇಳುತ್ತಾರೆ. ಆಗ ನನಗೇನು ಗೊತ್ತಿತ್ತು? ಕಾಳು ತೋರಿಸಿ ಎಂದ. ತೊಟ್ಟಿಗೆ ಕರೆದುಕೊಂಡು ಹೋಗಿ ಜಮಖಾನೆ ಎಳೆದೆ. ಆತ ರಾಶಿಯೊಳಗೆ ಮೊಣಕೈವರೆಗೆ ತೋಳಿಳಿಸಿ, ಬಹಳ ಹೊತ್ತು ಹಾಗೇ ಇದ್ದ. ಕೋಟಿನ ತೋಳಿಗೆಲ್ಲ ಹೊಟ್ಟು ಮೆತ್ತಿಕೊಂಡಿತು.

ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಹೇಳಿದ. ಅಜ್ಜಿ, ಅಪ್ಪ, ಅಣ್ಣ ಎಲ್ಲರೂ ಬಂದು ಕೂತರು. ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತರುತ್ತ ಹೋದೆ.

ಏಳು ವರ್ಷದವನಿದ್ದಾಗ ಆತನನ್ನು ಬಿಳಿಯರ ವಸತಿಶಾಲೆಗೆ ಸೇರಿಸಿದರಂತೆ. ಮೊದಲ ದಿನವೇ ಹೆಸರು ಹೋಯಿತು. ಆತನ ಅಜ್ಜಿ ಇಟ್ಟಿದ್ದ ಹೆಸರು ಹಾಜರಿ ಪುಸ್ತಕಕ್ಕೆ ಸಲ್ಲದೆಂದು ಇಂಗ್ಲಿಷ್ ಹೆಸರು ಕೊಟ್ಟರು. ಮನೆಮಾತು ಆಡಿ ಸಿಕ್ಕಿಬಿದ್ದವನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರು. ಇನ್ನೊಬ್ಬ ಮನೆಮಾತು ಆಡಿದ್ದನ್ನು ಹಿಡಿದುಕೊಟ್ಟರೆ ಅದು ಅವನ ಕೊರಳಿಗೆ ದಾಟುತ್ತಿತ್ತು. ಹಾಗಾಗಿ ಮಕ್ಕಳು ದಿನವೆಲ್ಲ ಒಬ್ಬರ ಬಾಯಿಯನ್ನೊಬ್ಬರು ಕಾಯುತ್ತಿದ್ದರು. ಬ್ರೆಡ್ಡು, ಟೀ ಶುದ್ಧವಾದ ಊಟ. ತಾಯಂದಿರು ಕಲಸುವ ರಾಗಿ ಕಾಡು ಜನರದು ಎಂದು ಪಾಠವಾಯಿತು. ಆತ ಜಾಣ. ಎಲ್ಲದರಲ್ಲೂ ಮೊದಲು ಬಂದ. ಈ ಪಾಠದಲ್ಲೂ ಮೊದಲು ಬಂದೆ ಎಂದು ತನ್ನನ್ನೇ ಹಂಗಿಸಿಕೊಂಡ.

ಇಂಡಿಯಾಕ್ಕೆ ಹೊರಡುವ ಹಿಂದಿನ ದಿನ ಶಾಲೆಯ ಬಿಳಿಯ ಮೇಷ್ಟ್ರು ಬೀಳ್ಕೊಡಲು ಮನೆಗೆ ಬಂದರಂತೆ. ಈತ ಪೇಟೆಯಿಂದ ಬ್ರೆಡ್ಡು ತಂದಿಟ್ಟು, ನಿನ್ನ ಅಡುಗೆ ಹೊರಗೆ ತರಬೇಡ ಎಂದು ತಾಯಿಗೆ ಹೇಳಿದ. ಆಕೆ ತರಲಿಲ್ಲ. ಮೇಷ್ಟ್ರು ಹೋದ ಮೇಲೆ ಹುಡುಕಿದರೆ ಮನೆಯ ಹಿಂದೆ, ಮೇಕೆ ಕಟ್ಟುವ ಕಡೆ ನಿಂತುಕೊಂಡು, ಮಗನಿಗಾಗಿ ಮಾಡಿದ್ದ ರಾಗಿಯನ್ನು ಒಬ್ಬಳೇ ತಿನ್ನುತ್ತಿದ್ದಳು. ಇವನನ್ನು ಕಂಡು, ನಿಮ್ಮ ಮೇಷ್ಟ್ರು ಹೋದರಾ, ನಾನು ಈಚೆ ಬರಬಹುದಾ ಎಂದು ಕೇಳಿದಳು.

"ಅವಳು ಬೈಯಲಿಲ್ಲ. ನಾನು ಹೇಳಿದ್ದೇ ಸರಿ ಎಂದುಕೊಂಡಿದ್ದಳು" ಎಂದ. ನಾಲ್ಕು ವರ್ಷವಾಗಿತ್ತು. ಆಕೆಗೆ ಓದು ಬಾರದು. ಈತನಿಗೆ ಮನೆಮಾತು ಬರೆಯಲು ಬಾರದು. ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ಶಾಲೆಯವರ ಹತ್ತಿರವೇ ಓದಿಸಬೇಕು, ಅದಕ್ಕೆ ಬರೆಯುವುದನ್ನೇ ಬಿಟ್ಟಿದ್ದ. "ಜೂನಿನಲ್ಲಿ ಊರಿಗೆ ಹೋಗಬೇಕು. ಪಟ್ಟಣದಲ್ಲಿ ಕೆಲಸ ಕಾದಿದೆ, ಮನೆ ಕೊಡುತ್ತಾರೆ. ತಾಯಿಯ ಹತ್ತಿರ ಯಾವ ಮುಖ ಇಟ್ಟುಕೊಂಡು ಹೋಗಲಿ? ಹೋಗದೆಯೇ ಇದ್ದುಬಿಡೋಣ ಅನ್ನಿಸುತ್ತದೆ" ಎಂದ. ಇವತ್ತು ಕೊಟ್ಟಿಗೆಯಲ್ಲಿ ನಿಮ್ಮ ತಂದೆಯನ್ನು ಕಂಡಾಗ ಅವಳನ್ನೇ ಕಂಡ ಹಾಗಾಯಿತು ಎಂದ.

ನಾನು ಕನ್ನಡಕ್ಕೆ ತರುವುದನ್ನು ನಿಲ್ಲಿಸಿದೆ.

"ಅಲ್ಲಿ ಕೊಟ್ಗೇಲಿ ಅವ್ನು ಏನೋ ಕೇಳುದ್ನಲ್ಲ, ನೀ ಏನಂದೆ?" ಎಂದಳು ಅಜ್ಜಿ. ಅವಳ ಕಣ್ಣು ತಪ್ಪಿಸಿ ಬದುಕಿದವರಿಲ್ಲ.

"ದನಕ್ಕೆ ಅಂದೆ."

ಅಪ್ಪ ಮೆಲ್ಲಗೆ, "ದನಾನೇ ಆಗಿದ್ರೆ ವಾಸಿ ಆಗಿತ್ತು ಕಣವ್ವ. ಎಲ್ಲಾರ್ ಎದ್ರೂವೆ ಉಣ್ತಿದ್ದೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅಜ್ಜಿ ಸಮಾಧಾನ ಮಾಡಲಿಲ್ಲ. "ಅತ್ಕ. ಅತ್ಬುಟ್ಟು ನೀರ್ ಸೇದ್ಕ ಬಾ, ಇಟ್ಟು ಮಾಡನ" ಎಂದಳು.

ಹಿತ್ತಿಲಿನಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಎಸರು ಕುದಿಯುವಾಗ ಹಿಟ್ಟು ಸುರಿದು, ಮಡಕೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ದೊಣ್ಣೆ ಹಾಕಿ ತಿರುವಿದಳು. ಎಪ್ಪತ್ತು ದಾಟಿದ ತೋಳು. ಒಂದು ಗಂಟು ಉಳಿಯಬಾರದು, ಉಳಿಯಲಿಲ್ಲ. ಆತ ಕೋಟು ಕಳಚಿ, ಟೈ ಬಿಚ್ಚಿ, ಬೂಟು ತೆಗೆದು ಅಪ್ಪನ ಪಕ್ಕ ನೆಲದ ಮೇಲೆ ಕೂತ. ನಾನು ಚಮಚ ಇಡಲಿಲ್ಲ. ಆತ ಮುದ್ದೆ ಮುರಿದು, ಬೆರಳಲ್ಲಿ ಉರುಟು ಮಾಡಿ, ಹೆಬ್ಬೆರಳಿಂದ ನಡುವೆ ಗುಳಿ ಒತ್ತಿ, ಸಾರು ಗೋರಿಕೊಂಡು ಒಂದೇ ಸಲಕ್ಕೆ ನುಂಗಿದ. ಅಗಿಯಲಿಲ್ಲ! ಹೊಸಬರು ಹಿಟ್ಟನ್ನು ಅಗಿಯುತ್ತ ಹಲ್ಲಿಗೆ ಅಂಟಿಸಿಕೊಂಡು ಒದ್ದಾಡುವುದೇ ನಮ್ಮ ಕಡೆಯ ತಮಾಷೆ. ಅಪ್ಪ ತಮ್ಮ ತುತ್ತು ಮರೆತು ಬಾಯಿ ಬಿಟ್ಟು ನೋಡಿದರು.

"ಇವ್ನು ನಮ್ಮವ್ನೇ ಕಣವ್ವ" ಎಂದು ಜೋರಾಗಿ ನಕ್ಕರು. ಅಪ್ಪ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಆತ ಎರಡು ಮುದ್ದೆ ಉಂಡ, ಮೂರನೆಯದಕ್ಕೆ ಕೈ ಚಾಚಿದ. ಅಣ್ಣನೂ ಚಮಚದ ಬಡಿವಾರ ಬಿಟ್ಟು ಕೂತ.

ಮಧ್ಯಾಹ್ನ ಅಜ್ಜಿ ರಾಗಿ ಹಸನು ಮಾಡುತ್ತಿದ್ದಾಗ ಆತ ನಾನೂ ಮಾಡುತ್ತೇನೆ ಎಂದು ಮೊರ ಹಿಡಿದ. ಚಿಕ್ಕಂದಿನಲ್ಲಿ ತಾಯಿ ಕೇರುವುದನ್ನು ನೋಡಿದ್ದನಂತೆ, ಶಾಲೆಗೆ ಹೋದ ಮೇಲೆ ಮುಟ್ಟಿರಲಿಲ್ಲ. ಕೇರುವುದು ನೋಡಲು ಸುಲಭ. ಮೊರವನ್ನು ಮೇಲಕ್ಕೆ ಹಾರಿಸಿದರೆ ಹೊಟ್ಟು ಮುಂದೆ ಹೋಗಬೇಕು. ಪಕ್ಕಕ್ಕೆ ಆಡಿಸಿದರೆ ಕಲ್ಲು ಒಂದು ಮೂಲೆಗೆ ಸೇರಬೇಕು. ಆತನ ಕೈಯಲ್ಲಿ ಹೊಟ್ಟು ಅವನ ಮುಖಕ್ಕೇ ಬಂತು, ರಾಗಿ ಕೋಳಿಗಳ ಪಾಲಾಯಿತು. ಅಜ್ಜಿ ಅವನ ಮಣಿಕಟ್ಟು ಹಿಡಿದು ಆಡಿಸಿ ಕಲಿಸಿದಳು. ಅವಳದು ಕನ್ನಡ, ಅವನದು ಇಂಗ್ಲಿಷ್. ಆ ಹೊತ್ತು ನನ್ನನ್ನು ಇಬ್ಬರೂ ಕರೆಯಲಿಲ್ಲ. ಸಂಜೆಗೆ ಸುಮಾರಾಗಿ ಬಂತು. ಆದರೆ ಎಷ್ಟು ಆಡಿಸಿದರೂ ಅವನ ಮೊರದ ಎಡಮೂಲೆಯಲ್ಲಿ ಎರಡು ಮೂರು ಸಣ್ಣ ಕಲ್ಲು ಉಳಿದೇ ಉಳಿಯುತ್ತಿದ್ದವು. ಅಜ್ಜಿ ಬೆರಳ ತುದಿಯಲ್ಲಿ ಎತ್ತಿ ತೋರಿಸಿ, "ಗಂಡ್ಸು ಕೇರುದ್ರೆ ಇಂಗೇಯ. ಕಲ್ಲಿಗೂ ಗೊತ್ತಾಗ್ಬುಡ್ತದೆ" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

ಇನ್ನೊಂದು ಮಾತು ಹೇಳದೆ ಬಿಟ್ಟರೆ ಮತ್ತೆ ಜಮಖಾನೆ ಹೊದಿಸಿದ ಹಾಗಾಗುತ್ತದೆ. ಅಷ್ಟು ಚೆಂದದ ಅಡುಗೆಮನೆ ಒಳಗಿರುವಾಗ ಹಿತ್ತಿಲಿನಲ್ಲಿ ಒಲೆ ಯಾಕೆ ಎಂದು ಅಂದು ಸಂಜೆ ಆತ ಸಹಜವಾಗಿ ಕೇಳಿದ. ನಾನು ಈ ಸಲ ಸುಳ್ಳು ಹೇಳಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ, ಲಿಂಗ ಕಟ್ಟದವರು ಅಡುಗೆಮನೆಯ ಹೊಸಿಲು ದಾಟುವುದಿಲ್ಲ ಎಂದೆ. ಆತ ಬೇಸರ ಮಾಡಿಕೊಳ್ಳಲಿಲ್ಲ. ನಮ್ಮ ಶಾಲೆಯಲ್ಲಿ ಹೆತ್ತ ತಾಯಿ ಬಂದರೂ ಗೇಟಿನ ಈಚೆಯೇ ನಿಂತು ಮಾತಾಡಿಸಿ ಹೋಗಬೇಕಿತ್ತು, ಎಲ್ಲ ಕಡೆಯೂ ಒಂದೊಂದು ಗೇಟು ಇರುತ್ತದೆ ಎಂದಷ್ಟೇ ಹೇಳಿದ. ಅಜ್ಜಿ, "ಏನಂತೆ?" ಎಂದಳು. ಅದನ್ನೂ ಹೇಳಿದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವರು ಹೊರಡುವ ದಿನ. ಬೆಳಿಗ್ಗೆ ಅಜ್ಜಿ ಮಿಂದು, ವಿಭೂತಿ ಧರಿಸಿ, ಪೂಜೆ ಮುಗಿಸಿ, ಅಡುಗೆಮನೆಯ ಹೊಸಿಲಲ್ಲಿ ನಿಂತು ಕೂಗಿದಳು. "ಬಾ ಮಗ, ಒಳಕ್ ಬಾ. ಇವತ್ತು ಇಟ್ಟು ನೀನೇ ತಿರುವು."

ಆತ ನನ್ನತ್ತ ನೋಡಿದ. ನಾನು ಅಪ್ಪನತ್ತ ನೋಡಿದೆ. ಅಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಾಗಿಲು ಗಿಡ್ಡ, ಆತ ಬಹಳವೇ ತಲೆ ಬಗ್ಗಿಸಿ ಒಳಗೆ ಹೋದ. ದೊಣ್ಣೆ ಹಿಡಿದು ತಿರುವಿದ. ಬೆವರು ಕಿತ್ತು ಬಂತು, ಕಣ್ಣಲ್ಲಿ ನೀರು ಬಂತು, ಹೊಗೆಗೋ ಏನೋ ನಾನು ಕೇಳಲಿಲ್ಲ. ಮುದ್ದೆಯಲ್ಲಿ ನಾಲ್ಕಾರು ಗಂಟು ಉಳಿದವು. ಅವನ್ನೇ ಎಲ್ಲರೂ ಉಂಡೆವು. ಸುದ್ದಿ ಕೇಳಿದ ನಂಟರೊಬ್ಬರು ಜಗಲಿಗೆ ಬಂದು, ಇದೇನು ಹೀಗೆ ಮಾಡಿಬಿಟ್ಟಿರಿ ಎಂದು ಎಗರಾಡಿದರು. "ಒಲೆ ನಂದು. ನಿಮ್ಮ ಮನೆ ಒಲೆಗೆ ನಾನ್ ಬಂದಿದ್ನಾ?" ಎಂದಳು ಅಜ್ಜಿ. ಅವರು ನಾಲ್ಕು ವರ್ಷ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ. ನಾಲ್ಕು ವರ್ಷ ಹಾಲು ಸಕ್ಕರೆ ಉಳಿಯಿತು. ಅಕ್ಷರ ಬಾರದ ನಮ್ಮಜ್ಜಿ ಎರಡು ದಿನದಲ್ಲಿ ಕಲಿತದ್ದನ್ನು ಎರಡು ಭಾಷೆ ಓದಿದ ನಾನು ಇಪ್ಪತ್ತೊಂದು ವರ್ಷದಲ್ಲಿ ಕಲಿತಿರಲಿಲ್ಲ. ಅವಳ ಮೊಮ್ಮಗಳು ಎಂದು ಹೇಳಿಕೊಳ್ಳುವಾಗ ನನಗೆ ಈಗಲೂ ಸೊಕ್ಕು ಬರುತ್ತದೆ.

ಬಸ್ಸು ಹತ್ತುವಾಗ ಅಜ್ಜಿ ಆತನ ಕೈ ಹಿಡಿದು, "ಪಟ್ಣಕ್ ಆಮೇಲೋಗು. ಮೊದ್ಲು ಸೀದಾ ನಿಮ್ಮವ್ವನ್ ತಾವ್ಕೋಗಿ, ಅವ್ಳ ಎದ್ರೆ ಕುಂತ್ಕಂಡು ಇಟ್ಟುಣ್ಣು. ಬ್ಯಾರೆ ಏನೂ ಏಳ್ಬ್ಯಾಡ" ಎಂದಳು. ನಾನು ಇಂಗ್ಲಿಷಿಗೆ ತಂದೆ. ಆತ ತಲೆ ತಗ್ಗಿಸಿ ಕೇಳಿಸಿಕೊಂಡ. ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ಮರುವಾರದಿಂದ ನಾನು ಗುಂಡ್ಲುಪೇಟೆಯ ಸ್ಕೂಲಿಗೆ ರಾಗಿ ರೊಟ್ಟಿ ತೆಗೆದುಕೊಂಡು ಹೋಗಿ, ಹುಡುಗಿಯರ ನಡುವೆಯೇ ಬಟ್ಟೆ ಬಿಚ್ಚಿ ತಿನ್ನತೊಡಗಿದೆ. ಮರೆಯಲ್ಲಿ ತಿನ್ನುತ್ತಿದ್ದ ನಾಲ್ಕು ಮಕ್ಕಳು ಒಂದು ತಿಂಗಳಲ್ಲಿ ನನ್ನ ಪಕ್ಕಕ್ಕೆ ಬಂದು ಕೂತರು.

ಜೂನ್ ಕಳೆಯಿತು. ಆತ ಹಡಗು ಹತ್ತಿದ ಎಂದು ಅಣ್ಣ ತಿಳಿಸಿದ. ಕಾಗದ ಬರಲಿಲ್ಲ. ಅಜ್ಜಿ ವಾರಕ್ಕೊಮ್ಮೆಯಾದರೂ, "ಆ ಮಗ ಅವ್ವನ್ ತಾವ್ಕ್ ಓದ್ನೋ, ಪಟ್ಣದಲ್ಲೇ ನಿಂತ್ಕಂಡ್ನೋ?" ಎಂದು ಕೇಳುತ್ತಿದ್ದಳು. ನವೆಂಬರಿನಲ್ಲಿ ನಮ್ಮ ಹೊಸ ರಾಗಿ ಕಣಕ್ಕೆ ಬಂತು. ಅವಳ ಚಡಪಡಿಕೆ ನೋಡಲಾರದೆ, ಅವನ ತಾಯಿಗೆ ನಿನ್ನ ಮಾತಿನಲ್ಲೇ ಕಾಗದ ಬರೆಯುತ್ತೇನೆ, ಏನು ಬರೆಯಲಿ ಹೇಳು ಎಂದೆ.

"ಯಾವ ಬಾಸೇಲಿ ಬರೀತೀಯೆ?"

"ಇಂಗ್ಲಿಷಿನಲ್ಲಿ. ಬೇರೆ ಯಾವುದೂ ಅಲ್ಲಿಗೆ ತಲುಪೋದಿಲ್ಲ."

"ಅವ್ಳೂ ಇಟ್ಟು ತಿರುವೋಳು, ನಾನೂ ಇಟ್ಟು ತಿರುವೋಳು. ಮದ್ಯದಲ್ಲಿ ಆ ದೊರೆಗಳ ಮಾತ್ಯಾಕಮ್ಮಿ?" ಎಂದು ಅಜ್ಜಿ ಎದ್ದು ಹೋಗಿ ಹೊಸ ರಾಗಿಯನ್ನು ಒಂದು ಹಿಡಿ ತಂದಳು. ಮೊರಕ್ಕೆ ಹಾಕಿ ಎರಡು ಸಲ ಕೇರಿ, ಒಂದು ಧೂಳಿಲ್ಲದಂತೆ ಮಾಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. "ಇದ್ನ ಕಳ್ಸು. ಇದ್ನ ಅವ್ಳು ಓದ್ಕತಾಳೆ."

ಆತ ಅಣ್ಣನಿಗೆ ಬರೆದುಕೊಟ್ಟಿದ್ದ ಊರಿನ ವಿಳಾಸ ಹಾಕಿ ಗುಂಡ್ಲುಪೇಟೆಯ ಅಂಚೆ ಕಚೇರಿಗೆ ಹೋದೆ. ಪೋಸ್ಟ್ ಮಾಸ್ತರರು ಗಂಟನ್ನು ಅಲ್ಲಾಡಿಸಿ ನೋಡಿ, "ಆಫ್ರಿಕಕ್ಕೆ ರಾಗಿಯಾ ಮೇಡಂ? ಅಲ್ಲಿ ಏನೂ ಸಿಗೋಲ್ವಾ?" ಎಂದರು. "ಸಿಗುತ್ತದೆ, ಅದಕ್ಕೇ ಕಳಿಸುತ್ತಿರುವುದು" ಎಂದೆ. ಅವರು ನನ್ನನ್ನು ಒಂದು ಥರಾ ನೋಡಿ ಮೊಹರು ಒತ್ತಿದರು.

ಮುಂದಿನ ಮುಂಗಾರು ಮುಗಿಯುವ ಹೊತ್ತಿಗೆ ಕಂದು ಕಾಗದ ಸುತ್ತಿದ ಸಣ್ಣ ಕಟ್ಟೊಂದು ಬಂತು. ಅಂಚೆಚೀಟಿಯ ಮೇಲೆ ಇಂಗ್ಲೆಂಡಿನ ರಾಣಿಯ ಮುಖ. ಆತುರಕ್ಕೆ ಹಲ್ಲಿನಿಂದಲೇ ದಾರ ಕಿತ್ತೆ. ಒಳಗೆ ಕಾಗದವಿರಲಿಲ್ಲ. ತಿರುಗಿಸಿ ನೋಡಿದೆ, ಕೊಡವಿ ನೋಡಿದೆ. ಬಣ್ಣದ ಬಟ್ಟೆಯ ತುಂಡಿನಲ್ಲಿ ಒಂದು ಹಿಡಿ ರಾಗಿ, ನಮ್ಮದಕ್ಕಿಂತ ತುಸು ಕಪ್ಪು.

"ಒಂದು ಸಾಲು ಬರೆಯಲಿಲ್ಲ ನೋಡು. ಹೋದನೋ ಇಲ್ಲವೋ ಹೇಗೆ ಗೊತ್ತಾಗಬೇಕು?" ಎಂದು ರೇಗಿದೆ.

ಅಜ್ಜಿ ರಾಗಿಯನ್ನು ಮೊರಕ್ಕೆ ಸುರಿದುಕೊಂಡು ಬೆಳಕಿಗೆ ಬಂದು ಕೂತಳು. ನಾಲ್ಕು ಕಾಳನ್ನು ಒಸಡಿನ ನಡುವೆ ಒತ್ತಿ ನೋಡಿದಳು. "ಕಾಳು ತುಂಬ್ಕಂಡದೆ. ಮಳೆ ಚೆನ್ನಾಗಿ ಬಂದದೆ ಅವ್ಳ ಒಲಕ್ಕೆ" ಎಂದಳು. ಆಮೇಲೆ ಮೊರವನ್ನು ಮೆಲ್ಲಗೆ ಪಕ್ಕಕ್ಕೆ ಆಡಿಸಿದಳು. ರಾಗಿ ಸರಿದು ಎಡಮೂಲೆಯಲ್ಲಿ ಏನೋ ಉಳಿಯಿತು. ಅಜ್ಜಿ ಬಗ್ಗಿ ನೋಡಿದಳು, ಬೆರಳ ತುದಿಯಲ್ಲಿ ಎತ್ತಿ ಅಂಗೈಗೆ ಹಾಕಿಕೊಂಡಳು. ಎರಡು ಸಣ್ಣ ಕಲ್ಲು.

"ಇದ್ನ ಕೇರಿರೋನು ಗಂಡ್ಸು ಕಣಮ್ಮಿ" ಎಂದಳು. "ಮಗ ಮನೇಲವ್ನೆ. ಅವ್ವನ್ ಪಕ್ಕ ಕುಂತವ್ನೆ."

ಆ ಎರಡು ಕಲ್ಲನ್ನು ಅವಳು ಎಸೆಯಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಲೆ ಹಚ್ಚಲು ಒಳಗೆ ಹೋದಳು.